ತೊಟ್ಟಿಲದವರ ಸದ್ದು

ಪಕ್ಕದ ಓಣಿಯ ಯಂಕವ್ವ ನನ್ನ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿಕೊಂಡು, ನನ್ನದೇ ಜರಡಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ಕೇಳಿದಳು, ಉಪ್ಪಿನವರ ನಿಂಬೆವ್ವನ ಮನೆ ಎಲ್ಲಿ ಹೋಯಿತು, ನಿಮಗೇನಾದರೂ ಗೊತ್ತೇ ಎಂದು. ಜರಡಿ ವಾಪಸು ಕೊಡಬೇಕಾಗಿತ್ತಂತೆ. ಬೆಳಗಿನಿಂದ ಹುಡುಕುತ್ತಿದ್ದಾಳಂತೆ. ನಾನೇ ಕಣೇ ನಿಂಬೆವ್ವ, ಕಣ್ಣಿಗೆ ಏನಾಗಿದೆ ನಿನಗೆ ಎಂದೆ. ಅವಳು ತಲೆ ಓರೆ ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೌದು, ಸ್ವಲ್ಪ ಹೋಲಿಕೆ ಇದೆ, ನೀವು ಅವಳಿಗೆ ಕಳ್ಳುಬಳ್ಳಿ ಏನಾದರೂ ಆಗಬೇಕಾ ಎಂದಳು. ಹೋಗುವಾಗ ಜರಡಿಯನ್ನೂ ತೆಗೆದುಕೊಂಡು ಹೋದಳು. ನನಗೆ ಅಳು ಬಂತೋ ನಗು ಬಂತೋ ಇವತ್ತಿಗೂ ಹೇಳಲಾರೆ.

ನಮ್ಮೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಪ್ರತಿ ಮನೆಯವರೂ ಅಂಗಳಕ್ಕೆ ಬಂದು ತಮ್ಮ ಕೋವಿಯಿಂದ ಒಂದು ಈಡು ಹಾರಿಸುತ್ತಾರೆ. ಎಲ್ಲವೂ ಅಜ್ಜ ಮುತ್ತಜ್ಜರ ಕಾಲದ ಕೋವಿಗಳು, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವಂಥವು. ಕೆಳಗಿನ ಹಿಡಿಕೆಯನ್ನು ಒತ್ತಿದರೆ ನಳಿಗೆಯ ಹಿಂದಿನ ಉಕ್ಕಿನ ಗಟ್ಟಿ ಜಾರಿ ಇಳಿಯುತ್ತದೆ, ತೋಟಾ ಕೂರುವ ಗೂಡು ತೆರೆದುಕೊಳ್ಳುತ್ತದೆ. ತೋಟಾ ಇಟ್ಟು, ಹಿಡಿಕೆ ಎತ್ತಿ, ಆಕಾಶಕ್ಕೆ ಹಾರಿಸಬೇಕು. ಸಂಜೆಯ ತೋಟಾದಲ್ಲಿ ಗುಂಡು ಇರುವುದಿಲ್ಲ, ಮದ್ದು ತುಂಬಿ ಬಾಯಿಗೆ ಮೇಣ ಮೆತ್ತಿರುತ್ತಾರೆ. ಒಂದೊಂದು ಮನೆಯ ಕೋವಿಗೆ ಒಂದೊಂದು ದನಿ. ಹೊರಗೆ ಹೋದವರು ತಮ್ಮ ಮನೆಯ ದನಿ ಹಿಡಿದುಕೊಂಡು ಬರುತ್ತಾರೆ. ಈಡು ಹಾರದ ಮನೆ ಮರುದಿನ ಯಾರಿಗೂ ಸಿಗುವುದಿಲ್ಲ. ದಾರಿ ಬೇಲಿಯವರೆಗೆ ಹೋಗಿ ಅಲ್ಲಿಂದ ಬೇರೆ ಕಡೆ ತಿರುಗಿಬಿಡುತ್ತದೆ. ಹಾಗಂತ ಆಸೆಬಿದ್ದು ಎರಡೆರಡು ಹಾರಿಸುವಂತೆಯೂ ಇಲ್ಲ. ಒಂದು ಮನೆಗೆ ಒಂದು ಸಂಜೆ ಒಂದೇ ಸದ್ದು.

ನನ್ನ ಗಂಡ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಂದು ಮಾರುವವರು. ಹೆಸರು ಹೇಳಬಾರದು, ಆದರೆ ಕತೆ ಹೇಳುವವಳಿಗೆ ಅದನ್ನೆಲ್ಲ ಹಿಡಿದುಕೊಂಡು ಕೂತರೆ ಆಗುತ್ತದೆಯೇ, ಫಕೀರಪ್ಪ. ಈ ಸಲ ಸಮುದ್ರದ ಕಡೆ ಹೋದವರು ಬರಬೇಕಾದ ಹೊತ್ತು ಮೀರಿದರೂ ಬಂದಿರಲಿಲ್ಲ. ನಮ್ಮ ಕೋವಿಯದು ತೆಳ್ಳಗಿನ ತೋಟಾ. ಅದನ್ನು ಮಾಡುವವರೇ ಈಗ ಇಲ್ಲ, ಸಂತೆಯಲ್ಲಿ ಸಿಗುವುದೆಲ್ಲ ದಪ್ಪ ತೋಟಾ. ಇವರು ಇಟ್ಟುಹೋದವು ಒಂದೊಂದೇ ಮುಗಿಯುತ್ತ ಬಂದವು. ಅದು ಸಾಲದೆಂದು ಗೂಡಿನ ಒಳಗೆ ತುಕ್ಕು ಹಿಡಿದು ಗುಂಡಿ ಬಿದ್ದು, ಹಾರಿಸಿದ ಖಾಲಿ ತೋಟಾ ಹೊರಗೇ ಬರುತ್ತಿರಲಿಲ್ಲ. ದಿನಾ ಸಂಜೆ ಬಾಯಿಯ ಕಡೆಯಿಂದ ಸರಳು ತುರುಕಿ ಬಡಿದು ತೆಗೆಯಬೇಕು. ಒಂದು ದಿನ ಸಿಟ್ಟು ಬಂದು ಕೋವಿಯನ್ನು ಸೀರೆಯಲ್ಲಿ ಸುತ್ತಿಕೊಂಡು ಮೌನಪ್ಪನ ಕುಲುಮೆಗೆ ಹೋದೆ.

ಮೌನಪ್ಪ ಎಂದು ಹೆಸರಿಟ್ಟವರು ಯಾರೋ, ಅವನ ಬಾಯಿಗೆ ಬೀಗ ಹಾಕುವ ಕೆಲಸ ಮಾತ್ರ ಅವರಿಂದಾಗಲಿಲ್ಲ. ಗೂಡಿನೊಳಗೆ ಕಂದೀಲು ತೋರಿಸಿ, ಇಂಥ ಗೂಡನ್ನು ಉಜ್ಜಿ ಪ್ರಯೋಜನವಿಲ್ಲ, ಕೊರೆದು ದೊಡ್ಡದು ಮಾಡಿದರೆ ತುಕ್ಕೂ ಹೋಯಿತು, ದಪ್ಪ ತೋಟಾವೂ ಕೂತಿತು, ಒಂದೇ ಏಟಿಗೆ ಎರಡೂ ಕೆಲಸ ಎಂದ. ಗೋಡೆಯಿಂದ ಅಲಗುಗಳಿದ್ದ ಒಂದು ಬೈರಿಗೆ ತೆಗೆದು ಎಣ್ಣೆ ಹಚ್ಚಿ ಗೂಡಿಗೆ ಇಳಿಸಿದ. ಅರ್ಧ ಸುತ್ತು ತಿರುಗಿಸುವುದು, ಹೊರಗೆಳೆದು ಉಕ್ಕಿನ ಪುಡಿ ಒರೆಸುವುದು, ದಪ್ಪ ತೋಟಾಗೆ ದೀಪದ ಮಸಿ ಹಿಡಿಸಿ ಒಳಗಿಟ್ಟು, ಮಸಿ ಎಲ್ಲಿ ಒರೆಸಿಹೋಗಿದೆ ನೋಡಿ ಮತ್ತೆ ಕೊರೆಯುವುದು. ಕೈಗಿಂತ ಬಾಯಿ ಹೆಚ್ಚು ನಡೆಯಿತು, ಅದು ಬೇರೆ ಮಾತು. ಖಾಲಿ ತೋಟಾ ಎಳೆಯುವ ಕೊಕ್ಕೆಯನ್ನೂ ಅರದಿಂದ ಉಜ್ಜಿ ಹೊಂದಿಸಿದ. ತೆಳ್ಳಗಿನದು ಒಂದೇ ಒಂದು ಉಳಿದಿತ್ತು. ಎಸೆಯಲು ಮನಸ್ಸು ಬರದೆ ಅದನ್ನು ತಂದು ಕುಂಕುಮದ ಭರಣಿಯ ಪಕ್ಕ ಇಟ್ಟುಕೊಂಡೆ.

ಅವತ್ತು ಸಂಜೆ ಹಾರಿಸಿದೆ. ತೋಟಾ ಮುದ್ದಾಗಿ ಕೂತಿತು, ಮುದ್ದಾಗಿ ಹೊರಗೆ ಬಂತು. ದನಿ ಮಾತ್ರ ನಮ್ಮದಲ್ಲ. ನಮ್ಮದು ಒಣ ಕಟ್ಟಿಗೆ ಮುರಿದಂತೆ ಚಟ್ ಎನ್ನುತ್ತಿತ್ತು, ಇದು ಕಣಜದ ಬಾಗಿಲು ಹಾಕಿದಂತೆ ತುಂಬು ದನಿ, ಕೊನೆಗೆ ಸ್ವಲ್ಪ ಎಳೆಯುತ್ತದೆ. ಹೊಸದಲ್ಲವೇ, ಊರು ರೂಢಿ ಮಾಡಿಕೊಳ್ಳುತ್ತದೆ ಎಂದುಕೊಂಡು ಒಳಗೆ ಹೋಗಿ ರೊಟ್ಟಿ ತಟ್ಟಿದೆ. ಮರುದಿನವೇ ಯಂಕವ್ವನ ಜರಡಿಯ ಪ್ರಸಂಗ ನಡೆದದ್ದು. ಆಮೇಲೆ ಹಾಲಿನವನು ಬಂದ. ಅವನೂ ನನ್ನ ಹೆಸರು ಹಿಡಿಯಲಿಲ್ಲ. ತೊಟ್ಟಿಲದವರ ಮನೆ ಇಷ್ಟು ವರ್ಷದ ಮೇಲೆ ಸಿಕ್ಕಿತಲ್ಲ, ನಮ್ಮಪ್ಪ ಹೇಳುತ್ತಿದ್ದ, ನೀವು ಎಮ್ಮೆ ಹಾಲು ಮುಟ್ಟುವವರಲ್ಲ ಅಂತ, ನಾಳೆ ಆಕಳದ್ದು ತರುತ್ತೇನೆ ಎಂದು ಹೇಳಿ ನನ್ನ ಎಮ್ಮೆ ಹಾಲನ್ನು ವಾಪಸು ಒಯ್ದ. ತೊಟ್ಟಿಲದವರು ಎಂದರೆ ತೊಟ್ಟಿಲು ಮಾಡುತ್ತಿದ್ದ ಮನೆತನ. ಒಂದು ಸಂಜೆ ಇದ್ದಕ್ಕಿದ್ದಂತೆ ಅವರ ಕೋವಿ ಸುಮ್ಮನಾಗಿತ್ತು. ಆ ಮನೆಯಲ್ಲಿದ್ದ ಒಬ್ಬನೇ ಗಂಡಸಿಗೆ ಏನಾಯಿತೆಂದು ನೋಡಲು ಹೋದವರಿಗೆ ಮನೆಯೇ ಸಿಕ್ಕಿರಲಿಲ್ಲ. ನಾನು ಆಗಿನ್ನೂ ಈ ಊರಿಗೆ ಸೊಸೆಯಾಗಿ ಬಂದಿರಲಿಲ್ಲ, ಕೇಳಿದ್ದಷ್ಟೇ.

ಕೋವಿ ಹೊತ್ತುಕೊಂಡು ಮೌನಪ್ಪನಲ್ಲಿಗೆ ಓಡಿದೆ. ನನ್ನನ್ನು ನೋಡಿ, ಬರ್ರಿ ತೊಟ್ಟಿಲದವ್ವ ಎಂದ. ನಿನ್ನ ಬಾಯಿಗಿಷ್ಟು ಬೂದಿ ಹಾಕ, ನಿನ್ನೆ ಕೋವಿ ಕೊರೆಸಿಕೊಂಡು ಹೋದದ್ದು ಯಾರು ಎಂದು ಕೂಗಾಡಿದೆ. ಅವನು ಕೋವಿ ನೋಡಿದ, ನನ್ನ ಮುಖ ನೋಡಿದ, ಗೋಡೆಯ ಮೇಲಿನ ಬೈರಿಗೆ ನೋಡಿದ. ಆಗ ನಿಜ ಬಾಯಿ ಬಿಟ್ಟ. ತೊಟ್ಟಿಲದವರ ಕೋವಿಯ ಗೂಡನ್ನು ಅವನ ಅಪ್ಪ ಕೊರೆದದ್ದು ಅದೇ ಬೈರಿಗೆಯಿಂದ. ನಮ್ಮೂರಲ್ಲಿ ಒಂದು ಮನೆ ಸುಮ್ಮನಾದರೆ ಆ ಮನೆಯ ಗೂಡು ಕೊರೆದ ಬೈರಿಗೆಯನ್ನು ಕೆರೆಗೆ ಹಾಕಬೇಕು, ಹೆಣಕ್ಕೆ ಹೊದಿಸುವಂತೆ ಬಟ್ಟೆ ಮುಚ್ಚಿ ಒಯ್ದು ಹಾಕಬೇಕು. ಇವನು ಹಾಕಿರಲಿಲ್ಲ.

“ಛಲೋ ಉಕ್ಕು ನಿಂಬೆವ್ವ,” ಅಂದ. ಆ ಹೊತ್ತಿಗೆ ಹೆಸರು ನೆನಪಾಗಿತ್ತು. “ನೀರಿಗೆ ಹಾಕಾಕ ಕೈಯೇ ಬರಲಿಲ್ಲ.”

ಮತ್ತೆ ಮೊದಲಿನಂತೆ ಮಾಡಿಕೊಡು ಎಂದೆ. ಕೊರೆದ ಉಕ್ಕು ತಿರುಗಿ ಬೆಳೆಯುವುದಿಲ್ಲ ಎಂದ. ನಾನು ಅಲ್ಲೇ ಕುಲುಮೆಯ ಮುಂದೆ ಕೂತೆ. ನನ್ನ ಗಂಡ ದಾರಿಯಲ್ಲಿದ್ದಾರೆ, ಅವರಿಗೆ ಗೊತ್ತಿರುವುದು ಹಳೆಯ ದನಿ, ನೀನೇನಾದರೂ ಮಾಡುವವರೆಗೆ ಏಳುವುದಿಲ್ಲ ಎಂದೆ. ಅವನು ಗೊಣಗಿಕೊಂಡು, ಗದ್ದ ಕೆರೆದುಕೊಂಡು, ಕೊನೆಗೆ ಉಕ್ಕಿನ ಒಂದು ತೆಳು ಕೊಳವೆಯನ್ನು ಗೂಡಿನ ಅಳತೆಗೆ ಕಡೆದುಕೊಟ್ಟ. ಅದನ್ನು ದಪ್ಪ ಗೂಡಿನೊಳಗೆ ಕೂರಿಸಿದರೆ ತೆಳ್ಳಗಿನ ತೋಟಾ ಅದರೊಳಗೆ ಕೂರುತ್ತದೆ, ಹಳೆಯ ದನಿ ಬರುತ್ತದೆ. ತೆಗೆದರೆ ದಪ್ಪ ತೋಟಾ, ತೊಟ್ಟಿಲದವರ ದನಿ. ಅಲ್ಲಿಗೆ ಕೋವಿ ಸರಿಹೋಯಿತು ಎನ್ನಿ, ಆದರೆ ತೆಳ್ಳಗಿನ ತೋಟಾ ನನ್ನ ಹತ್ತಿರ ಉಳಿದಿದ್ದು ಒಂದೇ.

ಮನೆಗೆ ಹೊರಟರೆ ನನಗೇ ದಾರಿ ಸಿಗಲಿಲ್ಲ. ಬೇವಿನಮರದ ತಿರುವಿನಲ್ಲಿ ತಿರುಗಿದೆ, ಮತ್ತೆ ಬೇವಿನಮರದ ಹತ್ತಿರವೇ ಬಂದೆ. ಉಪ್ಪಿನವರ ಮನೆ, ಉಪ್ಪಿನವರ ಮನೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಸುತ್ತಿದ್ದೇ ಸುತ್ತಿದ್ದು. ಕಾಲು ಸೋತ ಮೇಲೆ ಏನೋ ಹೊಳೆದು, ನಾಚಿಕೆಯಿಂದಲೇ, ತೊಟ್ಟಿಲದವರ ಮನೆ ಎಂದು ಪಿಸುಗುಟ್ಟಿದೆ. ಎದುರಿಗೇ ನನ್ನ ಬೇಲಿ, ನನ್ನ ಗೇಟು, ಹಾಲು ಬತ್ತಿದ ನನ್ನ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ನಾನು ನನ್ನ ಮನೆಗೆ ಬಂದೆನೋ, ಬೇರೆಯವರ ಮನೆಗೆ ಕಳ್ಳಿಯಂತೆ ಹೊಕ್ಕೆನೋ ತಿಳಿಯಲಿಲ್ಲ. ಒಲೆಯ ಮುಂದೆ ಕೂತಾಗಲೂ ಆ ಅನುಮಾನ ಹೋಗಲಿಲ್ಲ.

ಆ ಒಂದು ತೋಟಾ ನನ್ನ ಜೀವ ಹಿಂಡಿತು. ಹೊರಗೆ ಹೋದ ಗಂಡಸಿಗೆ ಹೊಳೆ ದಾಟುವ ಜಾಗದಿಂದ ಮನೆಯ ಈಡು ಕೇಳುತ್ತದೆ. ಒಂದು ಸಂಜೆ ಕೇಳದಿದ್ದರೆ ಅಲ್ಲೇ ಉಳಿಯುತ್ತಾನೆ, ಎರಡನೆಯ ಸಂಜೆಯೂ ಕೇಳದಿದ್ದರೆ ಮನೆ ಸುಮ್ಮನಾಯಿತು, ಮನೆಯವರು ಇಲ್ಲವಾದರು ಎಂದು ತಿಳಿದು ತಲೆಗೆ ನೀರು ಹಾಕಿಕೊಂಡು ಬಂದ ದಾರಿಗೇ ಹೊರಟುಬಿಡುತ್ತಾನೆ. ಹಾಗೆ ಹೋದವರು ತಿರುಗಿ ಬಂದದ್ದಿಲ್ಲ. ಇವರು ಬಂದ ಸಂಜೆ ನನ್ನ ತೋಟಾ ಹಾರಬೇಕು. ಯಾವ ಸಂಜೆ ಎಂದು ನನಗೆ ಯಾರು ಹೇಳಬೇಕು? ಇವತ್ತು ಹಾರಿಸಿಬಿಡಲೇ ಎಂದು ಅಂಗಳಕ್ಕೆ ಬರುವುದು, ನಾಳೆ ಬಂದರೆ ಏನು ಗತಿ ಎಂದು ಕೊಳವೆ ತೆಗೆದು ದಪ್ಪನೆಯದನ್ನೇ ಇಡುವುದು. ಸುಮ್ಮನಂತೂ ಇರುವಂತಿರಲಿಲ್ಲ, ಯಾರದಾದರೂ ದನಿ ಹೊರಡಲೇಬೇಕಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಗೇಟಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಕಾಲೆಲ್ಲ ಧೂಳು, ಕೈಯಲ್ಲಿ ಗಂಟು. ಒಳಗೆ ಬರಲಿಲ್ಲ, ಮನೆಯ ಸೂರನ್ನು ನೋಡುತ್ತ ನಿಂತೇ ಇದ್ದಳು.

“ವೈನೀ,” ಎಂದು ಅತ್ತಿಗೆಯನ್ನು ಕರೆದಂತೆ ಕರೆದಳು. “ನಾ ಹೇಮವ್ವ. ಈ ಮನಿ ಮಗಳು. ಅಣ್ಣ ಎಲ್ಲಿ ಅದಾನ?”

ಏನು ಹೇಳಲಿ? ಬಾಯಿಗೆ ಬಂದದ್ದು ಸತ್ಯವೇ ಆಗಿತ್ತು. “ಹೊರಗ ಹೋಗ್ಯಾರ್ರೀ, ಇನ್ನೂ ಬಂದಿಲ್ಲ” ಎಂದೆ. ಎರಡು ಮನೆಗೂ ಆ ಮಾತು ಸಲ್ಲುತ್ತಿತ್ತು.

ಕಾಲಿಗೆ ನೀರು ಕೊಟ್ಟೆ. ಒಳಗೆ ಬಂದವಳು ಮೊದಲು ಮಾಡಿದ ಕೆಲಸ ತಲೆ ಎತ್ತಿ ತೊಲೆ ನೋಡಿದ್ದು. ಕೊಂಡಿ ಇನ್ನೂ ಇದೆ ಎಂದಳು. ನೋಡಿದರೆ ಹೌದು, ಹೊಗೆ ಹಿಡಿದು ಕಪ್ಪಾದ ಒಂದು ಕಬ್ಬಿಣದ ಕೊಂಡಿ, ತೊಟ್ಟಿಲು ಕಟ್ಟುವಂಥದ್ದು. ಅದು ಮೊದಲಿನಿಂದಲೂ ಅಲ್ಲಿತ್ತೋ, ಈಗ ಬಂತೋ? ಇಷ್ಟು ವರ್ಷ ಅದೇ ತೊಲೆಯ ಕೆಳಗೆ ಮಲಗಿದವಳು ನಾನು, ಒಮ್ಮೆಯೂ ಮೇಲೆ ನೋಡಿರಲಿಲ್ಲವೇ? ಹೇಮವ್ವ ಹೊಳೆಯ ಆಚೆಯ ಊರಿಗೆ ಕೊಟ್ಟ ಹೆಣ್ಣು. ಅಣ್ಣನ ಕೋವಿ ಸುಮ್ಮನಾದ ಮೇಲೆ ಅವಳಿಗೆ ತವರು ಸಿಗದಂತಾಗಿತ್ತು. ಆದರೂ ವರ್ಷಕ್ಕೊಮ್ಮೆ ಹೊಳೆಯವರೆಗೆ ಬಂದು, ಒಂದು ಸಂಜೆ ಕಿವಿಗೊಟ್ಟು ಕೂತು, ಎದ್ದು ಹೋಗುತ್ತಿದ್ದಳಂತೆ. ನಿನ್ನೆ ಸಂಜೆ ಕೇಳಿಸಿತಂತೆ. ನನಗೆ ನಿಜ ಹೇಳಿಬಿಡಬೇಕು ಎನಿಸಿತು, ಈ ಕೋವಿ ನಿಮ್ಮದಲ್ಲ, ಒಬ್ಬ ಲೋಭಿಯ ಬೈರಿಗೆಯ ಕೆಲಸ ಎಂದು. ಅವಳೇ ನನ್ನ ಕೈ ಮುಟ್ಟಿ ತಡೆದಳು.

“ನಾ ಹುಚ್ಚಿ ಅಲ್ಲ ವೈನಿ. ನನ್ನ ಅಣ್ಣ ಬದುಕಿದ್ರ ಅವಗ ಇಷ್ಟು ಸಣ್ಣ ಹೆಂಡತಿ ಎಲ್ಲಿಂದ ಬರಬೇಕು. ಆದ್ರ ಸದ್ದು ಕರೀತು, ನಾ ಬಂದೆ. ಒಂದು ತುತ್ತು ಉಣ್ಣಾಕ ಕೊಡು.”

ಉಣ್ಣಲು ಬಡಿಸಿದೆ. ಉಪ್ಪು ತುಸು ಕಡಿಮೆಯಾಗಿತ್ತು. ಉಪ್ಪಿನವರ ಮನೆಯಲ್ಲೇ ಉಪ್ಪು ಮುಗಿದಿದೆ ನೋಡಿ, ಮನೆಯವರು ಎತ್ತುಗಳ ಮೇಲೆ ಹೇರಿಕೊಂಡು ಬಂದ ಮೇಲೇ ನಮಗೆ ಉಪ್ಪು ಎಂದು ಬಾಯಿಗೆ ಬಂದದ್ದು ಆಡಿದೆ. ಹೇಮವ್ವ ಬಾಯಿಗೆ ಒಯ್ದ ತುತ್ತನ್ನು ತಿರುಗಿ ತಟ್ಟೆಗೆ ಇಟ್ಟಳು. ನಿನ್ನೆ ಹೊಳೆಯ ದಂಡೆಯಲ್ಲಿ ಒಬ್ಬನನ್ನು ಕಂಡಳಂತೆ. ಜೊತೆಗೆ ಹೇರು ಎತ್ತುಗಳು, ಒಂದರ ಕೋಡು ಮುರಿದಿತ್ತಂತೆ. ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ಉಪ್ಪು ಜಾಡಿಸುತ್ತಿದ್ದನಂತೆ. ಕೋಡು ಮುರಿದ ಎತ್ತು ನಮ್ಮದು. ಕೂತ ಕಡೆಯಲ್ಲೆಲ್ಲ ಚಪ್ಪಲಿ ಜಾಡಿಸುವ ಗಂಡಸು ನನ್ನವರು.

“ತಾಯಿ, ಉಪ್ಪಿನವರ ಕೋವಿ ನಿಮಗೇನರ ಕೇಳಸ್ತೇನು ಅಂತ ಕೇಳಿದ,” ಎಂದಳು ಹೇಮವ್ವ. “ಇಲ್ಲಪ್ಪ, ನನಗ ನನ್ನ ತವರಿಂದು ಕೇಳಸ್ತು ಅಂತ ಹೇಳಿ ಬಂದುಬಿಟ್ಟೆ. ಖುಷಿಯಾಗ ಅವನ ಮುಖಾನೂ ಸರಿಯಾಗಿ ನೋಡಲಿಲ್ಲ. ನಾಳಿ ಸಂಜಿ ಒಂದು ನೋಡ್ತೀನಿ, ಆಮ್ಯಾಲ ತಲಿಗೆ ನೀರು ಹಾಕ್ಕೋತೀನಿ ಅಂತಿದ್ದ.”

ನಾಳೆ ಸಂಜೆ ಎಂದರೆ ಇವತ್ತು. ಹೊಳೆಗೆ ನಡೆದು ಹೋದರೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು, ಅವರು ತಲೆಗೆ ನೀರು ಹಾಕಿಕೊಂಡು ಹೊರಟಿರುತ್ತಿದ್ದರು. ಸದ್ದಿಗೆ ಮಾತ್ರ ಅಷ್ಟು ದೂರ ಒಂದು ಕ್ಷಣದ ಹಾದಿ. ಗಡಬಡಿಸಿ ಎದ್ದು ಭರಣಿಯ ಪಕ್ಕದಿಂದ ತೋಟಾ ತಂದೆ, ಕೊಳವೆ ತಂದೆ, ಕೋವಿ ತಂದೆ. ಎಲ್ಲ ತಂದು ಮುಂದಿಟ್ಟುಕೊಂಡ ಮೇಲೆ ಎದುರಿಗೆ ಕೂತ ಮುದುಕಿಯನ್ನು ನೋಡಿದೆ. ಹಳೆಯ ದನಿ ಹೊರಟರೆ ಇದು ಉಪ್ಪಿನವರ ಮನೆ. ಅಷ್ಟು ವರ್ಷ ಕಿವಿಗೊಟ್ಟು ಕೂತ ಮೇಲೆ ಅವಳಿಗೆ ಒಂದು ಹೊತ್ತಿನ ಊಟಕ್ಕೆ ಸಿಕ್ಕ ತವರು ಹೋಗಿಬಿಡುತ್ತದೆ. ನನ್ನ ಗಂಡ ನನಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಕೈ ಏಳಲಿಲ್ಲ, ಯಾಕೆ ಎಂದರೆ ಹೇಳಲು ಬರುವುದಿಲ್ಲ. ಹೇಮವ್ವನಿಗೆ ಕೊಳವೆಯ ಗುಟ್ಟು, ದನಿಯ ಗುಟ್ಟು ಎಲ್ಲ ಹೇಳಿದೆ. ಅವಳು ಕೊಳವೆಯನ್ನು ಎತ್ತಿಕೊಂಡು ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿದಳು. ಆಮೇಲೆ ತಾನೇ ಅದನ್ನು ಗೂಡಿನಲ್ಲಿ ಕೂರಿಸಿ ಹೆಬ್ಬೆರಳಿನಿಂದ ಒತ್ತಿದಳು. ಕೋವಿಯ ಮನೆಯಲ್ಲಿ ಬೆಳೆದ ಹೆಣ್ಣು, ಕೈಗೆ ಎಲ್ಲ ಗೊತ್ತಿತ್ತು.

“ನಾ ಕೇಳಿ ಕೇಳಿ ಕೂತದ್ದು ಸಾಕಾಗೇತಿ. ಅವ ಕೂಡೂದು ಬ್ಯಾಡ,” ಎಂದಳು. “ಆದ್ರ ನಾ ಹೊರಗ ಹೋದ ಮ್ಯಾಲ ಹಾರಸು. ಮನಿ ನನ್ನ ಕಣ್ಣ ಮುಂದ ಬ್ಯಾರೆದವರದ್ದು ಆಗೂದು ಬ್ಯಾಡ.”

ತವರಿನಿಂದ ಹೆಣ್ಣುಮಗಳು ಬರಿಗೈಯಲ್ಲಿ ಹೋಗಬಾರದು. ಅಕ್ಕಿ, ಒಂದು ಅಚ್ಚು ಬೆಲ್ಲ, ನನ್ನ ಪೆಟ್ಟಿಗೆಯಲ್ಲಿದ್ದ ಖಣ, ಅವಳ ಸೆರಗಿಗೆ ಹಾಕಿ ಕುಂಕುಮ ಹಚ್ಚಿದೆ. ನಾನು ಯಾರ ಮನೆಯ ಸೊಸೆಯಾಗಿ ಅದನ್ನು ಮಾಡಿದೆನೋ ನನಗೇ ಗೊತ್ತಾಗಲಿಲ್ಲ, ಆದರೆ ಮಾಡುವಾಗ ಕಣ್ಣೀರು ನನ್ನದೇ ಆಗಿತ್ತು. ಎಲ್ಲಿಗೆ ಹೋಗುತ್ತೀರಿ ಈ ಹೊತ್ತಿನಲ್ಲಿ ಎಂದರೆ, ದಾರಿಯಲ್ಲಿ ಜರಡಿ ಹಿಡಿದುಕೊಂಡ ಒಬ್ಬಳು ಮಾತಾಡಿಸಿದಳು, ಅವಳ ಕಟ್ಟೆಯ ಮೇಲೆ ಇರುತ್ತೇನೆ ಎಂದಳು. ಯಂಕವ್ವನಿಗೆ ಮಾತಾಡಲು ಒಬ್ಬರು ಸಿಕ್ಕರೆ ಹಾಸಿಗೆಯನ್ನೂ ಕೊಟ್ಟಾಳು. ಮುದುಕಿ ಬೇಲಿ ದಾಟಿ ಬೇವಿನಮರದ ತಿರುವಿನಲ್ಲಿ ಮರೆಯಾಗುವವರೆಗೆ ಕಾದೆ. ದೀಪ ಹಚ್ಚುವ ಹೊತ್ತಾಗಿತ್ತು, ಕೋವಿ ಎತ್ತಿ ಹಾರಿಸಿದೆ. ಒಣ ಕಟ್ಟಿಗೆ ಮುರಿದಂತೆ ಚಟ್ ಎಂದಿತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಯಂಕವ್ವ ನಿಂತಿದ್ದಳು. ಎಲ್ಲಿ ಸತ್ತಿದ್ದೆಯೇ ನಿಂಬೆವ್ವ ಇಷ್ಟು ದಿನ ಎಂದು ಬೈದು ಜರಡಿ ಕೈಗೆ ಕೊಟ್ಟಳು. ಅವಳ ಹಿಂದೆಯೇ ಕೋಡು ಮುರಿದ ಎತ್ತು, ಅದರ ಹಿಂದೆ ಇವರು. ನಾನು ಜರಡಿ ಹಿಡಿದುಕೊಂಡೇ ಅತ್ತೆ. ಮೊನ್ನೆ ಸಂಜೆ ಎಲ್ಲಿ ಹೋಗಿದ್ದೆ, ನಾನು ಅಲ್ಲಿ ಗುಂಡಿಗೆ ಒಡೆದುಕೊಂಡು ಕೂತಿದ್ದೆ ಎಂದು ಇವರು ಬೈದರು. ಬೈಗುಳ ಕೇಳಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಚಪ್ಪಲಿ ಜಾಡಿಸಿದ ಮೇಲೆ ಸೊಂಟದ ಗಂಟಿನಿಂದ ಒಂದು ಪೊಟ್ಟಣ ತೆಗೆದರು. ಸಮುದ್ರದ ಕಡೆ ಒಬ್ಬ ಮುದುಕನ ಅಂಗಡಿಯಲ್ಲಿ ಸಿಕ್ಕವಂತೆ, ತೆಳ್ಳಗಿನ ತೋಟಾಗಳು, ಒಂದು ಹಿಡಿಯಷ್ಟು. ಅವನ್ನು ಹುಡುಕಲು ಹೋಗಿಯೇ ತಡವಾಯಿತಂತೆ.

ನಾನು ಎಲ್ಲ ಹೇಳಿದೆ. ಕೋವಿ ಕೊರೆಸಿದ್ದಕ್ಕೆ ಸಿಟ್ಟಾದರು. ಅಜ್ಜನ ದನಿ, ನನ್ನನ್ನು ಕೇಳದೆ, ಎಂದು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದರು. ಮುದುಕಿಯ ಮಾತು ಬಂದಾಗ ತಿರುಗುವುದು ಬಿಟ್ಟು ಕಟ್ಟೆಯ ಮೇಲೆ ಕೂತರು. ಹೊಳೆಯ ದಂಡೆಯಲ್ಲಿ ಅವಳು ಎದ್ದು ಹೋದದ್ದು ಅವರಿಗೆ ನೆನಪಿತ್ತು. ತನ್ನ ಮನೆ ಕೇಳಿಸಿದವಳು ಹೇಗೆ ನಡೆಯುತ್ತಾಳೆ ಎಂದು ನೋಡಿ ಹೊಟ್ಟೆ ಉರಿಸಿಕೊಂಡಿದ್ದರಂತೆ. ಆಮೇಲೆ ಇಡೀ ಹಗಲು ಆ ಮಾತೇ ಎತ್ತಲಿಲ್ಲ. ಎತ್ತಿನ ಮೈ ತೊಳೆದರು, ಉಪ್ಪಿನ ಚೀಲ ಇಳಿಸಿದರು. ನನಗೂ ಕೇಳುವ ಧೈರ್ಯ ಬರಲಿಲ್ಲ, ಮನೆ ಅವರ ಅಜ್ಜನದು.

ದೀಪ ಹಚ್ಚುವ ಹೊತ್ತಿಗೆ ಕೋವಿ ತೆಗೆದುಕೊಂಡು ಅಂಗಳಕ್ಕೆ ಬಂದರು. ಪೊಟ್ಟಣವನ್ನು ಕೈಯಲ್ಲಿ ಸ್ವಲ್ಪ ಹೊತ್ತು ತೂಗಿ ನೋಡಿ ನನಗೆ ಕೊಟ್ಟರು.

“ಇವನ್ನ ತಗದಿಡು. ನಾ ಊರಿಂದ ಬರೂ ಸಂಜಿಗೆ ಆಗ್ತಾವ” ಎಂದರು. ಗೂಡಿನಿಂದ ಕೊಳವೆ ಎಳೆದು ಜೇಬಿಗೆ ಹಾಕಿಕೊಂಡು, ದಪ್ಪ ತೋಟಾ ಇಟ್ಟು ಹಾರಿಸಿದರು. ತುಂಬು ದನಿ ಊರಿನ ಮೇಲೆ ಹರಿದು ಹೋಯಿತು. ತಮ್ಮ ಕೋವಿಯ ಬಾಯಿಂದ ಅಂಥ ಸದ್ದು ಬಂದದ್ದಕ್ಕೆ ಅವರೇ ಬೆಚ್ಚಿ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಈಗ ನಾ ಯಾರು?” ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು, ನನ್ನನ್ನೇ ನಾನು ಹುಡುಕಿಕೊಂಡು ವಾರವಾಗಿಲ್ಲ ಎಂದೆ.

ಅಷ್ಟರಲ್ಲಿ ಬೇವಿನಮರದ ಕಡೆಯಿಂದ ಅವಳು ಬರುತ್ತಿದ್ದಳು. ಮುದುಕಿ ಓಡುತ್ತಿರಲಿಲ್ಲ, ಆದರೆ ಅದನ್ನು ನಡಿಗೆ ಎನ್ನಲೂ ಆಗದು. ಸೆರಗಿನಲ್ಲಿ ನಿನ್ನೆಯ ಅಕ್ಕಿ ಬೆಲ್ಲ ಹಾಗೇ ಗಂಟು ಕಟ್ಟಿಕೊಂಡಿದ್ದಳು. ಗೇಟಿನ ಹತ್ತಿರ ಬಂದು ನಿಂತಳು. ಅಂಗಳದಲ್ಲಿ ಕೋವಿ ಹಿಡಿದು ನಿಂತ ಗಂಡಸನ್ನು ನೋಡಿದಳು. ಹೊಳೆಯ ದಂಡೆಯವನು ಎಂದು ಗುರುತು ಸಿಕ್ಕಿತೋ ಏನೋ, ಸೆರಗಿನ ಗಂಟನ್ನು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ, ಅಣ್ಣಾ, ಎಂದಳು.

ಅವಳು ವಯಸ್ಸಿನಲ್ಲಿ ನನ್ನ ಅತ್ತೆಗೇ ಅಕ್ಕನಾಗುವಷ್ಟು ದೊಡ್ಡವಳು. ಇವರು ನನ್ನನ್ನು ನೋಡಿದರು, ಕೋವಿಯನ್ನು ನೋಡಿದರು, ಏನೂ ತೋಚದೆ ಒಂದು ಚಪ್ಪಲಿ ಬಿಚ್ಚಿ ಜಾಡಿಸಿದರು. ಅದರಲ್ಲಿ ಉಪ್ಪು ಇರಲಿಲ್ಲ. ಕೋವಿಯನ್ನು ನನ್ನ ಕೈಗೆ ಕೊಟ್ಟು ಗೇಟಿಗೆ ಹೋಗಿ ಅವಳ ಗಂಟನ್ನು ಇಸಿದುಕೊಂಡರು.

“ಬಾ ತಂಗಿ,” ಎಂದರು. “ಎಷ್ಟು ತಡ ಮಾಡಿದಿ.”